ಮೇ ತಿಂಗಳ ಜೈಸಲ್ಮೇರ್: ಮೂರನೇ ಸಲಕ್ಕೆ ಕೋಟೆ ದಕ್ಕಿತು

"ರಾಯಚೂರಿನ ಬಿಸಿಲು ಸಾಲದಾ ನಿನಗೆ?" ಅಂತ ಭಾವ ಬೈದಿದ್ದರು. ಮೇ ತಿಂಗಳಲ್ಲೇ ರಾಜಸ್ಥಾನದ ಮರಳುಗಾಡಿನ ಜೈಸಲ್ಮೇರ್‌ಗೆ ಹೋಗಿ, ಮೂರು ದಿನ ಇದ್ದು, ಕಣ್ತುಂಬ ನೋಡಿ ಬಂದೆ. ತಲೆನೋವು ಕೂಡ ಬರಲಿಲ್ಲ.

ಮೊದಲ ಸಲ ಹೋಗಿದ್ದು ಡಿಸೆಂಬರ್ ಕೊನೆಗೆ. ರೂಮಿಗೆ ದಿನಕ್ಕೆ ನಾಲ್ಕು ಸಾವಿರದ ಹತ್ತಿರ, ಊರಾಚೆಯ ಸಮ್ ಮರಳುದಿಬ್ಬದ ಟೆಂಟಿಗೆ ಇನ್ನೊಂದು ಐದು. ಮರಳಲ್ಲಿ ಕೂತು ಕೇಳಿದ್ದು ಬರೀ ಸ್ಪೀಕರ್ ಹಾಡು. ಹಳೇ ವ್ಯಾಪಾರಿಗಳ ಬಂಗಲೆ ಪಟವಾ ಹವೇಲಿಯ ಓಣಿಯಲ್ಲಿ ಕಾಲಿಡಲೂ ಜಾಗ ಇರಲಿಲ್ಲ.

ಎರಡನೇ ಸಲ ಮೇನಲ್ಲಿ ಹೋಗಿ ಕೆಟ್ಟೆ. ಕೋಟೆ ಕಾಣುತ್ತದೆ ಅಂತ ಮೇಲಿನ ಮಹಡಿ ರೂಮು ಹಿಡಿದಿದ್ದೆ. ಹಗಲೆಲ್ಲಾ ಕಾದ ತಾರಸಿ ರಾತ್ರಿ ಎರಡು ಗಂಟೆಯಾದರೂ ಆರಲಿಲ್ಲ. ಕೂಲರ್‌ನಲ್ಲಿ ನೀರು ಖಾಲಿ. ಮರುದಿನ ವಾಂತಿ, ಗ್ಲೂಕೋಸ್ ಬಾಟಲಿ, ಸಾವಿರ ಚಿಲ್ಲರೆ ಖರ್ಚು. ಏನೂ ನೋಡದೆ ವಾಪಸು.

ಈ ಸಲ ನೆಲಮಹಡಿ, ದಪ್ಪ ಕಲ್ಲಿನ ಗೋಡೆ, ದಿನಕ್ಕೆ ಒಂಬೈನೂರು. ಅದೂ ಕೋಟೆಯ ಹೊರಗೆ. ಒಳಗಿನ ಮನೆ, ಹೋಟೆಲುಗಳ ನೀರು ಇಂಗಿ ಕೋಟೆ ನಿಂತಿರುವ ತ್ರಿಕೂಟ ಬೆಟ್ಟದ ಬುಡ ಮೆತ್ತಗಾಗಿ ಬುರುಜುಗಳೇ ಕುಸಿದಿವೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ ಅದು. ನನ್ನ ಸ್ನಾನದ ನೀರೂ ಅಲ್ಲಿಗೆ ಸೇರುವುದು ಬೇಡ ಅನ್ನಿಸಿತು. ನೀವೂ ಹೊರಗೇ ಉಳಿಯಿರಿ.

ಬೆಳಿಗ್ಗೆ ಐದೂವರೆಗೆಲ್ಲಾ ಕೋಟೆಯ ಮೊದಲ ಬಾಗಿಲು ಅಖೈ ಪೋಲ್ ದಾಟುತ್ತಿದ್ದೆ. ಒಳಬಾಗಿಲು ಹವಾ ಪೋಲ್ ಕೆಳಗೆ ಆ ಹೊತ್ತಲ್ಲಿ ಒಳ್ಳೆ ಗಾಳಿ. ದಸರಾ ಚೌಕದಲ್ಲಿ ಒಂದು ಹಸು, ಕಸ ಗುಡಿಸುವ ಸದ್ದು, ಅಷ್ಟೇ. ಜೈನ ಮಂದಿರಗಳನ್ನೂ ಬೆಳಗಿನಲ್ಲೇ ಮುಗಿಸಬೇಕು, ಮಧ್ಯಾಹ್ನದ ಮೇಲೆ ನೋಡಲು ಬಂದ ನಮ್ಮಂಥವರಿಗೆ ಪ್ರವೇಶ ಇಲ್ಲ. ಹತ್ತಕ್ಕೆ ರೂಮು ಸೇರಿ, ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಐದರವರೆಗೆ ನಿದ್ದೆ. ಸಂಜೆ ಗಡೀಸರ್ ಕೆರೆ. ಸೂರ್ಯಾಸ್ತಕ್ಕೆ ಎಲ್ಲರೂ ಹಳೇ ಸಮಾಧಿ ಮಂಟಪಗಳಿರುವ ವ್ಯಾಸ ಛತ್ರಿಗೆ ಹೋಗುತ್ತಾರೆ. ನನಗೆ ಅದಕ್ಕಿಂತ ಚೆಂದದ ಜಾಗ ಸಿಕ್ಕಿದೆ. ಎಲ್ಲಿ ಅಂತ ಹೇಳುವುದಿಲ್ಲ, ಅಲ್ಲೂ ಜನ ತುಂಬಿಬಿಡುತ್ತಾರೆ.

ಒಂದು ರಾತ್ರಿ ಒಂಬತ್ತರ ಸುಮಾರಿಗೆ ಸುಮ್ನೆ ಗೋಡೆಗಳಿಗೆ ಕೈ ಇಡುತ್ತಾ ನಡೆದೆ. ಪಡುವಣಕ್ಕೆ ಮುಖ ಮಾಡಿದ ಗೋಡೆ ಈಗಷ್ಟೇ ಒಲೆಯಿಂದ ಇಳಿಸಿದ ಹೆಂಚಿನ ಹಾಗಿತ್ತು. ಎರಡು ಹೆಜ್ಜೆ ಒಳಗಿನ ಸಂದಿಯಲ್ಲಿ ಅದೇ ಹಳದಿ ಕಲ್ಲು ತಣ್ಣಗೆ. ಓಣಿ ಅಷ್ಟು ಇಕ್ಕಟ್ಟಾಗಿ ಏಕೆ ಕಟ್ಟಿದರು ಅನ್ನುವುದು ಅಂಗೈಗೇ ಗೊತ್ತಾಯಿತು. ಮರುದಿನದಿಂದ ಅಂಥ ಸಂದಿಗಳಲ್ಲೇ ಓಡಾಡಿದೆ, ಇನ್ನೊಂದು ಗಂಟೆ ಜಾಸ್ತಿ ಸಿಕ್ಕಿತು.

ರೈಲು ಬಿಟ್ಟು ಒಟ್ಟು ಖರ್ಚು ಆರು ಸಾವಿರದ ಆಸುಪಾಸು. ಡಿಸೆಂಬರ್‌ನಲ್ಲಿ ಎರಡೇ ದಿನಕ್ಕೆ ಹದಿನೈದು ಹೋಗಿತ್ತು.

ಜನ ಬಿಟ್ಟುಹೋದ ಹಳ್ಳಿ ಕುಲಧರಾದಲ್ಲಿ ಮಾತ್ರ ಈ ಲೆಕ್ಕ ನಡೆಯಲಿಲ್ಲ. ಪಾಳು ಮನೆಗಳಿಗೆ ಸೂರಿಲ್ಲ, ನೆರಳೂ ಇಲ್ಲ. ಎಂಟೂವರೆಗೆ ಹೋದವನು ಅರ್ಧ ಗಂಟೆಯಲ್ಲಿ ಆಟೋ ಹತ್ತಿದೆ. ಅದನ್ನು ಚಳಿಗಾಲಕ್ಕೇ ಇಟ್ಟುಕೊಳ್ಳಿ.