ಹೊಗೆಸೊಪ್ಪಿನ ಎನ್ ಜೀನ್: ಸ್ಪ್ಲೈಸಿಂಗ್ ಬದಲಾವಣೆಯನ್ನು ಜೆಲ್‌ನಲ್ಲಿ ಹಿಡಿಯುವುದು ಹೇಗೆ

ಟಿಎಂವಿ ಎಂಬ ಮೊಸಾಯಿಕ್ ವೈರಸ್ಸನ್ನು ಹೊಗೆಸೊಪ್ಪಿನಲ್ಲಿ ತಡೆಯುವ ಎನ್ ಜೀನ್‌ನಿಂದ ಎರಡು ಬಗೆಯ ಎಂಆರ್‌ಎನ್‌ಎ (ಪ್ರೋಟೀನು ಕಟ್ಟಲು ಬಳಕೆಯಾಗುವ ಜೀನ್‌ನ ನಕಲು) ಹುಟ್ಟುತ್ತದೆ. ಕಾರಣ ಸ್ಪ್ಲೈಸಿಂಗ್: ನಕಲಿನಿಂದ ಇಂಟ್ರಾನ್ ಎಂಬ ತುಣುಕುಗಳನ್ನು ಕತ್ತರಿಸಿ, ಎಕ್ಸಾನ್ ಎಂಬ ಉಳಿಯುವ ಭಾಗಗಳನ್ನು ಜೋಡಿಸುವ ಕೆಲಸ. ಮೂರನೇ ಇಂಟ್ರಾನ್ ಪೂರ್ತಿ ಕತ್ತರಿಸಿಹೋದರೆ ಗಿಡ್ಡದ್ದು, ಎನ್‌ಎಸ್: 1144 ಅಮೈನೋ ಆಮ್ಲಗಳ ಪೂರ್ಣ ಪ್ರೋಟೀನು. ಆ ಇಂಟ್ರಾನ್ ಒಳಗಿನ 70 ಬೇಸ್‌ಗಳ (ಆರ್‌ಎನ್‌ಎಯ ಅಕ್ಷರಗಳ) ತುಣುಕು ಉಳಿದುಕೊಂಡರೆ ಉದ್ದದ್ದು, ಎನ್‌ಎಲ್. ಜೀವಕೋಶ ಬೇಸ್‌ಗಳನ್ನು ಮೂರು ಮೂರಾಗಿ ಓದುತ್ತದೆ; 70 ಮೂರರಿಂದ ಭಾಗವಾಗುವುದಿಲ್ಲವಲ್ಲ, ಹಾಗಾಗಿ ಓದಿನ ಲೆಕ್ಕ ತಪ್ಪಿ ಪ್ರೋಟೀನು 652 ಅಮೈನೋ ಆಮ್ಲಗಳಿಗೇ ಮುಗಿಯುತ್ತದೆ. ಸೋಂಕಿಗೆ ಮೊದಲು ಎನ್‌ಎಸ್ ಹೆಚ್ಚು; ಸೋಂಕಾಗಿ 4ರಿಂದ 8 ಗಂಟೆಯೊಳಗೆ ಎನ್‌ಎಲ್ ಮೇಲುಗೈ ಪಡೆಯುತ್ತದೆ. ಎನ್‌ಎಸ್ ಒಂದೇ ಇದ್ದರೆ ಪೂರ್ಣ ರಕ್ಷಣೆ ಸಿಗದು. ನಾವು ನೋಡಬೇಕಾದ್ದು ಈ ಪ್ರಮಾಣದ ಏರುಪೇರನ್ನು.

ಮೊದಲು ತಳಿ. ಸಂಸುನ್ ಎನ್‌ಎನ್ ಅಥವಾ ಕ್ಸಾಂತಿ ಎನ್‌ಸಿ ಆಗಬಹುದು. ಹುಣಸೂರು ಕಡೆಯ ಹೊಲದಿಂದ ಸಸಿ ತಂದು ಅದರಲ್ಲಿ ಎನ್ ಇದೆಯೆಂದು ನಂಬಿ ಕೂರಬೇಡಿ. 5 ವಾರದ ಗಿಡಗಳನ್ನು 22ರಿಂದ 24 ಡಿಗ್ರಿಯಲ್ಲಿಡಿ. 28 ಡಿಗ್ರಿ ದಾಟಿದರೆ ಎನ್ ಕೆಲಸ ಮಾಡದು, ವೈರಸ್ ಗಿಡವೆಲ್ಲ ಹರಡುತ್ತದೆ. ಆಮೇಲೆ ತಂಪಿಗೆ ತಂದರೆ ಸೋಂಕು ತಗುಲಿದ ಭಾಗವೆಲ್ಲ ಒಟ್ಟಿಗೇ ಸಾಯುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಎಸಿ ನಿಂತ ದಿನದ ಮಾದರಿಗಳನ್ನು ಬಿಸಾಡುವುದೇ ಮೇಲು.

ಸೋಂಕಿತ ಎಲೆಯನ್ನು ಪಿಎಚ್ 7ರ 10 ಮಿಲಿಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ ಅರೆಯಿರಿ. ಆರೋಗ್ಯವಂತ ಎಲೆಯ ಮೇಲೆ ಕಾರ್ಬೊರಂಡಂ ಪುಡಿ (ಎಲೆಯಲ್ಲಿ ಸಣ್ಣ ಗಾಯ ಮಾಡುವ ಒರಟು ಪುಡಿ) ಉದುರಿಸಿ, ಆ ರಸವನ್ನು ಹಗುರವಾಗಿ ಸವರಿ ನೀರಲ್ಲಿ ತೊಳೆಯಿರಿ. ಇನ್ನೊಂದು ಗಿಡಕ್ಕೆ ಬರೀ ಬಫರ್ ಸವರಿ, ಅದೂ ಪುಡಿಯೊಂದಿಗೇ. ಇಲ್ಲದಿದ್ದರೆ ಗಾಯದ ಪರಿಣಾಮವನ್ನು ವೈರಸ್ಸಿನದೆಂದು ಬರೆದುಕೊಳ್ಳುತ್ತೀರಿ. ಬೀಡಿ, ಸಿಗರೇಟು ಮುಟ್ಟಿದ ಕೈಯಿಂದಲೂ ಟಿಎಂವಿ ಅಂಟುತ್ತದೆ, ಸೋಪಿನಿಂದ ತೊಳೆದು ಬನ್ನಿ.

0, 2, 4, 6, 8, 24 ಗಂಟೆಗೆ ತಲಾ 100 ಮಿ.ಗ್ರಾಂ ಎಲೆಯನ್ನು ದ್ರವ ಸಾರಜನಕದಲ್ಲಿ ಗಟ್ಟಿಮಾಡಿ. ಒಂದೆರಡು ಎಲೆಗಳನ್ನು ಗಿಡದಲ್ಲೇ ಬಿಡಿ: 48 ಗಂಟೆಗೆ ಅವುಗಳಲ್ಲಿ ಕಂದು ಚುಕ್ಕೆ ಬಂದಿರದಿದ್ದರೆ ಸೋಂಕೇ ಆಗಿಲ್ಲ. 1 ಮಿ.ಲೀ. ಟ್ರೈಜಾಲ್‌ನಲ್ಲಿ (ಆರ್‌ಎನ್‌ಎ ಬೇರ್ಪಡಿಸುವ ದ್ರಾವಣ) ಆರ್‌ಎನ್‌ಎ ತೆಗೆದು, ಬೆರೆತ ಡಿಎನ್‌ಎ ಕರಗಿಸಲು ಡಿಎನ್‌ಏಸ್ ಹಾಕಿ, 1 ಮೈಕ್ರೋಗ್ರಾಂ ಆರ್‌ಎನ್‌ಎಯಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಿ. ಈ ನಕಲು ಮಾಡುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬ್ ಕಡ್ಡಾಯ. ಅದರಲ್ಲಿ ಜೆಲ್‌ನ ಮೇಲೆ ಬ್ಯಾಂಡ್ (ಗೆರೆ) ಬಂದರೆ ಡಿಎನ್‌ಎ ಉಳಿದಿದೆ ಎಂದರ್ಥ.

ಮುಂದಿನದು ಪಿಸಿಆರ್, ಅಂದರೆ ಸಿಡಿಎನ್‌ಎಯ ಒಂದು ಭಾಗವನ್ನು ಸೈಕಲ್ ಸೈಕಲ್‌ಗೆ ಹೆಚ್ಚಿಸುವ ವಿಧಾನ. ಆ ಭಾಗದ ಎರಡು ತುದಿ ಗುರುತಿಸುವ ಪ್ರೈಮರ್‌ಗಳಲ್ಲಿ (ಸಣ್ಣ ಡಿಎನ್‌ಎ ಎಳೆಗಳು) ಒಂದು ಮೂರನೇ ಎಕ್ಸಾನ್‌ನಲ್ಲಿ, ಇನ್ನೊಂದು ನಾಲ್ಕನೆಯದರಲ್ಲಿ ಕೂರಲಿ. ಗಿಡ್ಡ ತುಣುಕು ಸುಮಾರು 200 ಬೇಸ್ ಇದ್ದರೆ ಉದ್ದದ್ದು 270, ಶೇ. 3ರ ಅಗರೋಸ್ ಜೆಲ್‌ನಲ್ಲಿ ಸ್ಪಷ್ಟವಾಗಿ ಬೇರ್ಪಡುತ್ತವೆ. ಸಾವಿರ ಬೇಸ್‌ನ ತುಣುಕು ಆರಿಸಿ ಶೇ. 1ರ ಜೆಲ್‌ನಲ್ಲಿ ಓಡಿಸಿದರೆ ಎರಡೂ ಒಂದೇ ಗೆರೆಯಾಗಿ ಕಾಣುವ ಸಾಧ್ಯತೆ ಹೆಚ್ಚು.

ಹೆಚ್ಚಿನವರು ಎಡವುವುದು ಪಿಸಿಆರ್ ಸೈಕಲ್ ಸಂಖ್ಯೆಯಲ್ಲಿ. 35 ಸೈಕಲ್ ಓಡಿಸಿದರೆ ಎರಡೂ ಬ್ಯಾಂಡ್ ಇನ್ನು ಏರಲಾರದಷ್ಟು ತುಂಬಿಕೊಂಡು, 0 ಗಂಟೆಗೂ 6 ಗಂಟೆಗೂ ವ್ಯತ್ಯಾಸ ಅಳಿಸಿಹೋಗುತ್ತದೆ. 24, 27, 30ರಲ್ಲಿ ತೆಗೆದು ನೋಡಿ, ಬ್ಯಾಂಡ್ ಇನ್ನೂ ಏರುತ್ತಿರುವ ಹಂತವನ್ನೇ ಆರಿಸಿ. ಎರಡಕ್ಕೂ ಮೇಲೆ ಮಸುಕಾದ ಮೂರನೆಯ ಗೆರೆ ಕಂಡರೆ ಹೊಸ ರೂಪ ಸಿಕ್ಕಿತೆಂದು ಹಿಗ್ಗಬೇಡಿ. ಕೊನೆಯ ಸೈಕಲ್‌ಗಳಲ್ಲಿ ಉದ್ದ ಮತ್ತು ಗಿಡ್ಡ ಎಳೆಗಳು ಜೋಡಿಯಾದರೂ ಹಾಗೇ ಕಾಣುತ್ತದೆ. ಪ್ರೈಮರ್ ಹೊಸದಾಗಿ ಹಾಕಿ ಒಂದೇ ಸೈಕಲ್ ಓಡಿಸಿ, ಗೆರೆ ಮಾಯವಾದರೆ ಅದು ಜೋಡಿಯೇ. ಉಳಿದರೆ ಕತ್ತರಿಸಿ ಸೀಕ್ವೆನ್ಸಿಂಗ್‌ಗೆ ಕಳಿಸಿ.