ಗಾಜಿನ ಡಬ್ಬಿಯಲ್ಲಿ ಗೋವಾದ ಕಡಲು

ಆಗಸ್ಟ್ ಬಂತೆಂದರೆ ವಾಸ್ಕೋದ ನಮ್ಮ ಬಿಲ್ಡಿಂಗಿನ ಕನ್ನಡದ ಮನೆಗಳಲ್ಲೆಲ್ಲ ಬಂಗಡೆ ರೇಟಿನದ್ದೇ ಮಾತು. ಜೂನ್ 1ರಿಂದ ಜುಲೈ 31ರವರೆಗಿನ ಟ್ರಾಲರ್ ನಿಷೇಧ ಆಗಷ್ಟೇ ಮುಗಿದಿರುತ್ತದೆ. ಮಳೆಗಾಲದಲ್ಲಿ ನಮ್ಮ ಕಡಲಿಗೆ ಗೊಬ್ಬರ ಸಿಕ್ಕಿ ಮೀನು ಹೆಚ್ಚುತ್ತದೆ ಎಂದಾಗ, ಆ ಗೊಬ್ಬರ ಹಾಕುವವರು ಯಾರು ಎಂದು ಮಗಳು ಕೇಳಿದಳು. ಅಡುಗೆಮನೆಯಲ್ಲೇ ತೋರಿಸಿದೆ.

ಉದ್ದನೆಯ ಗಾಜಿನ ಡಬ್ಬಿಯಲ್ಲಿ ಅರ್ಧದಷ್ಟು ಬೆಚ್ಚಗಿನ ನೀರು ಹಾಕಿ. ಕುದಿಯುವ ನೀರು ಬೇಡ, ಗಾಜು ಸೀಳೀತು. ಫ್ರಿಜ್ಜಿನ ನೀರಿಗೆ ನಾಲ್ಕು ಹನಿ ನೀಲಿ ಶಾಯಿ ಬೆರೆಸಿ. ಲಾಳಿಕೆಯ ತುದಿಗೆ ಸ್ಟ್ರಾ ಸಿಕ್ಕಿಸಿ, ಅದು ಡಬ್ಬಿಯ ತಳ ಮುಟ್ಟುವಂತೆ ಹಿಡಿದು, ಆ ನೀರನ್ನು ತೀರಾ ನಿಧಾನವಾಗಿ ಇಳಿಸಿ. ಮೊದಲ ಸಲ ನಾನು ಅವಸರಪಟ್ಟೆ, ಡಬ್ಬಿಯೆಲ್ಲ ಬರೀ ನೀಲಿ. ಸಾವಧಾನವಾಗಿ ಸುರಿದರೆ ಗೆರೆ ಎಳೆದ ಹಾಗೆ ನೀಲಿ ತಳದಲ್ಲೇ ಕೂರುತ್ತದೆ. ತಣ್ಣೀರು ಭಾರ.

ಉಷ್ಣವಲಯದ ಕಡಲಲ್ಲೂ ಬಿಸಿಲಿಗೆ ಕಾದ ಹಗುರ ನೀರು ಮೇಲೆ ಮುಚ್ಚಳದಂತೆ ಇರುತ್ತದೆ. ಎಷ್ಟೇ ತಿಳಿಯಾದ ನೀರಾದರೂ ಪಾಚಿ ಬೆಳೆಯಲು ಸಾಲುವಷ್ಟು ಬೆಳಕು ಇಳಿಯುವುದು ಹೆಚ್ಚೆಂದರೆ ಸುಮಾರು 200 ಮೀಟರ್. ಅಲ್ಲಿರುವ ಕಣ್ಣಿಗೆ ಕಾಣದ ಪಾಚಿಗಳು ತಮ್ಮ ಗೊಬ್ಬರವಾದ ನೈಟ್ರೇಟ್, ಫಾಸ್ಫೇಟ್ ಲವಣಗಳನ್ನು ಹೀರಿ ಮುಗಿಸುತ್ತವೆ. ಸತ್ತ ಪಾಚಿ, ಮೀನಿನ ಹಿಕ್ಕೆ ತಳಕ್ಕೆ ಜಾರುತ್ತವೆ. ಕತ್ತಲಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಿ ಮತ್ತೆ ಗೊಬ್ಬರ ಮಾಡುತ್ತವೆ. ಬಿಸಿಲು ಅಟ್ಟದ ಮೇಲೆ, ಗೊಬ್ಬರ ನೆಲಮಾಳಿಗೆಯಲ್ಲಿ. ಅದಕ್ಕೇ ಮೇ ತಿಂಗಳ ಬೆಚ್ಚನೆಯ ಮೇಲ್ನೀರಿನಲ್ಲಿ ನೈಟ್ರೇಟ್ ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು.

ಇಲ್ಲೇ ಬಹಳ ಜನ ಎಡವುವುದು: ತಳದ ತಣ್ಣೀರಿನಲ್ಲಿ ಗೊಬ್ಬರವಿದೆ ಎಂದರೆ, ತಂಪೇ ಅದಕ್ಕೆ ಕಾರಣ ಅಂದುಕೊಳ್ಳುತ್ತಾರೆ. ತಣ್ಣಗಾದ ಮಾತ್ರಕ್ಕೆ ನೀರಿಗೆ ಸತ್ವ ಬರುವುದಿಲ್ಲ. ಬರುವುದಾದರೆ ಫ್ರಿಜ್ಜಿನ ಬಾಟಲಿಯಲ್ಲೂ ಬಂಗಡೆ ಬೆಳೆಸಬಹುದಿತ್ತು. ತಂಪು ಅನ್ನುವುದು ನೀರು ಯಾವ ಊರಿಂದ ಬಂತು ಎಂಬುದರ ಗುರುತು, ಅಷ್ಟೇ.

ಈಗ ಡಬ್ಬಿಯ ಒಂದು ತುದಿಯಿಂದ ನೀರಿನ ಮೇಲೆ ಒಂದೇ ಸಮನೆ ಊದಿ. ಮೇಲಿನ ನೀರು ಆಚೆ ಸರಿಯುತ್ತದೆ, ನೀವು ಊದುವ ಕಡೆ ನೀಲಿ ಮೆಲ್ಲಗೆ ಏರುತ್ತದೆ. ಮಳೆಗಾಲದ ಗಾಳಿ ನಮ್ಮ ಕರಾವಳಿಗುಂಟ ದಕ್ಷಿಣದತ್ತ ಬೀಸಿದಾಗ, ಭೂಮಿ ತಿರುಗುವುದರಿಂದ ಮೇಲ್ನೀರು ಬಲಕ್ಕೆ, ಅಂದರೆ ಆಳ ಕಡಲಿನತ್ತ ವಾಲುತ್ತದೆ. ಖಾಲಿಯಾದ ಜಾಗಕ್ಕೆ ತಳದ ತಣ್ಣೀರು ಗೊಬ್ಬರ ಹೊತ್ತು ಬರುತ್ತದೆ.

ಆದರೆ ಗೋವಾದಲ್ಲಿ ಥರ್ಮಾಮೀಟರನ್ನು ದಡದಲ್ಲಿ ಅದ್ದಿ ಇದನ್ನು ಹಿಡಿಯಲು ಹೋಗಬೇಡಿ. ಮಳೆಯ ಜೊತೆಗೆ ಮಾಂಡವಿ, ಜುವಾರಿ ನದಿಗಳು ಸುರಿಯುವ ಸಿಹಿನೀರು ಕೆಲವೇ ಮೀಟರ್ ದಪ್ಪದ ಪದರವಾಗಿ ತಣ್ಣೀರನ್ನು ಮುಚ್ಚಿಬಿಡುತ್ತದೆ. ಕೆಳಗೆ ಕೊಳೆಯುವುದು ಜೋರಾಗಿ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ತಳದಲ್ಲಿ ಆಮ್ಲಜನಕವೇ ತೀರಿ, ಕೊಳೆತ ಮೊಟ್ಟೆ ವಾಸನೆಯ ಅನಿಲ ಹುಟ್ಟುವುದೂ ಉಂಟು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಇದನ್ನು ದೋಣಿಯಲ್ಲಿ ಹೋಗಿ ಅಳೆದಿದ್ದಾರೆ. ಮೀನುಗಾರರಿಗೆ ಕಡಲಿನ ಮಾಹಿತಿ ನೀಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಕೊಡುವ ಮೀನು ಸಿಗುವ ಜಾಗಗಳ ನಕ್ಷೆಯೂ ಉಪಗ್ರಹ ಕಂಡ ಮೇಲ್ನೀರಿನ ಬಿಸಿ ಮತ್ತು ಪಾಚಿಯ ಹಸಿರನ್ನೇ ನೆಚ್ಚಿಕೊಂಡಿದೆ. ದಟ್ಟ ಮೋಡ ಕವಿದ ದಿನ ಅದಕ್ಕೂ ಕಣ್ಣು ಕಾಣುವುದಿಲ್ಲ.