ಮಟ್ಟು ಒಂದು, ಆಟ ಮೂರು

ದುರ್ಗದ ಕೋಟೆಯ ಕಥೆ ಇಟ್ಟುಕೊಂಡು ನಾವಿಬ್ಬರು ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ದಾವಣಗೆರೆಯ ಗೆಳೆಯ ಕೋಡ್ ಬರೆಯುತ್ತಾನೆ. ನಾನು ಚಿತ್ರದುರ್ಗದಲ್ಲಿ ಕೂತು ಸಂಗೀತ ಮಾಡುತ್ತೇನೆ. ಎರಡು ಭಾಗ ಮುಗಿದಿವೆ, ಮೂರನೆಯದು ನಡೆಯುತ್ತಿದೆ. ಮೊದಲ ಭಾಗದ ಸಂಗೀತ ಕೇಳೋಕೆ ಚೆನ್ನಾಗಿದ್ದರೆ ಸಾಕಿತ್ತು. ತಲೆನೋವು ಶುರುವಾಗುವುದು ಎರಡನೆಯದರಿಂದ. ಅಷ್ಟು ಹೊತ್ತಿಗೆ ಆಡುವವರ ಕಿವಿಯಲ್ಲಿ ಒಂದು ಮಟ್ಟು ಕೂತಿರುತ್ತದೆ. ಅದನ್ನೇ ಹಾಕಿದರೆ "ಅದೇ ಹಳೇದು" ಅನ್ನುತ್ತಾರೆ. ತೆಗೆದರೆ "ಇದು ಆ ಗೇಮೇ ಅಲ್ಲ" ಅನ್ನುತ್ತಾರೆ.

ಈ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಜಪಾನಿನ ನಿಂಟೆಂಡೊ ಕಂಪನಿಯ ಜೆಲ್ಡಾ ಅನ್ನೋ ವಿಡಿಯೊ ಗೇಮ್ ಸರಣಿ. 1986ರ ಮೊದಲ ಆಟಕ್ಕೆ ಸಂಗೀತ ಕೋಜಿ ಕೊಂಡೊ ಅವರದು. ಎನ್‌ಇಎಸ್ ಅನ್ನೋ, ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರದ ಚಿಪ್‌ನಲ್ಲಿ ಸ್ವರ ನುಡಿಸಲು ಮೂರು ದನಿ, ತಾಳಕ್ಕೆ ಒಂದು ಗರಗರ ಸದ್ದು, ರೆಕಾರ್ಡ್ ಮಾಡಿದ ತುಣುಕಿಗೆ ಒಂದು ಜಾಗ. ಇಷ್ಟರಲ್ಲೇ ಎಲ್ಲ ಆಗಬೇಕು. ಹಾಗಾಗಿ ಮಟ್ಟು ಗಟ್ಟಿಯಾಗಿರಲೇಬೇಕಿತ್ತು. 1998ರ ಒಕರಿನಾ ಆಫ್ ಟೈಮ್‌ನಲ್ಲಿ ಬಯಲಿನ ಸಂಗೀತವನ್ನು ಚಿಕ್ಕ ಚಿಕ್ಕ ತುಣುಕು ಮಾಡಿಟ್ಟರು. ನಿಂತರೆ ಶಾಂತ, ಶತ್ರು ಹತ್ತಿರ ಬಂದರೆ ಬಿರುಸು. ಅಷ್ಟೇ ಅಲ್ಲ, ಆಡುವವರ ಕೈಗೇ ವಾದ್ಯ ಕೊಟ್ಟರು. ಸರಿಯಾದ ಸ್ವರ ನುಡಿಸಿದರೆ ಮಳೆ ಬರುತ್ತದೆ, ಹಗಲು ರಾತ್ರಿಯಾಗುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು 2017ರ ಬ್ರೆತ್ ಆಫ್ ದ ವೈಲ್ಡ್. ಬಹಳ ಹೊತ್ತು ಗಾಳಿ, ಹುಲ್ಲು, ಹೆಜ್ಜೆ ಸದ್ದು. ಮಧ್ಯೆ ಮಧ್ಯೆ ಎರಡು ಪಿಯಾನೋ ಸ್ವರ. ಆದರೆ ರಾತ್ರಿ ಕುದುರೆ ಮೇಲೆ ಹೋಗುತ್ತಾ ಇದ್ದರೆ ಮೊದಲ ಆಟದ ಆ ಹಳೇ ಮಟ್ಟು ಪಿಯಾನೋದಲ್ಲಿ ತೀರಾ ನಿಧಾನವಾಗಿ ಬರುತ್ತದೆ. ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸುವಷ್ಟು ನಿಧಾನ. ಮುಖ್ಯ ಮಟ್ಟನ್ನು ಬಚ್ಚಿಡುವ ಧೈರ್ಯ ಮೂವತ್ತು ವರ್ಷ ಅದನ್ನು ನುಡಿಸಿದವರಿಗೆ ಮಾತ್ರ ಬರುತ್ತದೇನೋ. ನಮಗೆ ಅಷ್ಟು ವರ್ಷ ಇಲ್ಲ, ಇರುವುದು ಮೂರು ಭಾಗ.

ನಮ್ಮ ಮಟ್ಟು ಮೋಹನ ರಾಗದಲ್ಲಿದೆ: ಸ ರಿ ಗ ಪ, ಗ ದ ಪ. ಮೇಲೆ ಹತ್ತಿ ಪಂಚಮದಲ್ಲಿ ನಿಲ್ಲುತ್ತದೆ, ಮುಗಿದ ಹಾಗೆ ಅನ್ನಿಸುವುದಿಲ್ಲ. ಮೊದಲ ಭಾಗ ಓಬವ್ವನದು, ಕೋಟೆ ಹತ್ತುವ ಆಟ. ಅದಕ್ಕೆ ಇದು ಸರಿ ಹೊಂದಿತು.

ಕಿಂಡಿಯ ದೃಶ್ಯಕ್ಕೆ ಮಾತ್ರ ಸಿಕ್ಕಾಪಟ್ಟೆ ಕೆಲಸ ಹಿಡಿಯಿತು. ಅಲ್ಲಿ ಸಂಗೀತ ನಾಲ್ಕು ಪದರದಲ್ಲಿದೆ: ತಂಬೂರಿ, ಉರುಮೆ, ತಮಟೆ, ಕೊನೆಗೆ ಕಹಳೆ. ನಾಲ್ಕೂ ಒಟ್ಟಿಗೇ ಓಡುತ್ತಿರುತ್ತವೆ, ಆದರೆ ಶುರುವಿಗೆ ಕೇಳಿಸುವುದು ತಂಬೂರಿ ಒಂದೇ. ಓಬವ್ವ ಒನಕೆ ಎತ್ತಿದಾಗ ಉರುಮೆ ತೆರೆಯುತ್ತದೆ. ಕಿಂಡಿಯಲ್ಲಿ ತಲೆಗಳು ಹೆಚ್ಚಾದ ಹಾಗೆ ಉಳಿದವು. ಬಟನ್ ಒತ್ತಿದ ತಕ್ಷಣ ಒನಕೆ ಏಟಿನ ಸದ್ದು ಬರಲೇಬೇಕು, ತಡವಾದರೆ ಆಟ ಕೆಟ್ಟಿದೆ ಅನ್ನಿಸುತ್ತದೆ. ಆದರೆ ಹೊಸ ಪದರ ಹಾಗೆ ನಡುವೆ ನುಗ್ಗಬಾರದು. ನಿಮಿಷಕ್ಕೆ 80 ಪೆಟ್ಟಿನ ಲಯ, ನಾಲ್ಕು ಪೆಟ್ಟಿನ ಆವರ್ತಕ್ಕೆ 3 ಸೆಕೆಂಡ್. ಮುಂದಿನ ಆವರ್ತದ ಸಮ, ಅಂದರೆ ಮೊದಲ ಪೆಟ್ಟು, ಬರುವವರೆಗೆ ಪದರ ಕಾಯುತ್ತದೆ. ಈ ಕಾಯುವ ಕೆಲಸವನ್ನು ಎಫ್‌ಮಾಡ್ ಅನ್ನೋ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ.

ಉರುಮೆಗೆ ಹಳ್ಳಿಯ ಹಿರಿಯರೊಬ್ಬರನ್ನು ಹಿಡಿದೆ. ಬಾಗಿದ ಕೋಲಿನಿಂದ ಚರ್ಮ ಉಜ್ಜಿದಾಗ ಹೊರಡುವ ಆ ನರಳುವ ಸದ್ದು ರೆಡಿಮೇಡ್ ಸದ್ದುಗಳ ಯಾವ ಸ್ಯಾಂಪಲ್ ಪ್ಯಾಕ್‌ನಲ್ಲೂ ನನಗೆ ಸಿಕ್ಕಿರಲಿಲ್ಲ. ಅವರು ಮೊದಲು ಕೇಳಿದ್ದೇ, "ಯಾವ ದೇವ್ರಿಗೆ ಬಾರಿಸ್ಬೇಕಪ್ಪಾ?"

"ದೇವ್ರಿಗಲ್ಲ ಅಜ್ಜಾ, ಫೋನಿನ ಆಟಕ್ಕೆ. ಓಬವ್ವ ಬರ್ತಾಳೆ."

"ಹಂಗಾದ್ರೆ ಮೆರವಣಿಗೆದು ಬ್ಯಾಡ. ಮೈಮೇಲೆ ಬರೋವಾಗಿಂದು ಬಾರಿಸ್ತೀನಿ."

ನಾನು ಕೇಳಿದ್ದಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು.

ಫೋನಿಗೆ ಮಾಡುವವರಿಗೆ ಒಂದು ಮಾತು. ಫೋನಿನ ಚಿಕ್ಕ ಸ್ಪೀಕರ್‌ಗೆ ತಗ್ಗಿನ ಸದ್ದು ಹೊರಡಿಸೋಕೆ ಆಗುವುದಿಲ್ಲ. ಒನಕೆಯ ಧಪ್ ಅನ್ನುವ ಭಾರ ಹೆಡ್‌ಫೋನಿನಲ್ಲಿ ಸಿಗುತ್ತದೆ, ಸ್ಪೀಕರಿನಲ್ಲಿ ಮಾಯ. ಅದಕ್ಕೆ ಒನಕೆ ತುದಿಯ ಕಬ್ಬಿಣದ ಬಳೆ ಒರಳಿನ ಕಲ್ಲಿಗೆ ತಾಕುವ ಟಣ್ ಸದ್ದನ್ನು ಬೇರೆ ರೆಕಾರ್ಡ್ ಮಾಡಿ ಮೇಲೆ ಸೇರಿಸಿದೆ. ಭಾರ ಕೇಳಿಸದಿದ್ದರೂ ಪೆಟ್ಟು ಬಿದ್ದದ್ದು ಗೊತ್ತಾಗುತ್ತದೆ.

ಎರಡನೆಯ ಭಾಗ 1779ರದು, ಕೋಟೆ ಹೈದರಾಲಿಯ ಕೈಸೇರಿದ ವರ್ಷ. ಇಲ್ಲಿ ಮಟ್ಟನ್ನು ಪೂರ್ತಿ ಬಚ್ಚಿಟ್ಟೆ. ಒಂದೇ ಒಂದು ಕಡೆ, ಅಕ್ಕತಂಗಿ ಹೊಂಡದ ಹತ್ತಿರ, ನೀರು ತುಂಬುವ ಹೆಂಗಸು ಸ ರಿ ಗ ಪ ಅಂತ ಗುನುಗಿ ಸುಮ್ಮನಾಗುತ್ತಾಳೆ. ಓಬವ್ವನ ಹೆಸರು ಯಾರೂ ಎತ್ತುವುದಿಲ್ಲ. ಮೊದಲ ಭಾಗ ಆಡಿದವರು ಅಲ್ಲಿ ನಿಂತುಬಿಡುತ್ತಾರೆ. ಆಡದವರು ಕೊಡ ತುಂಬಿಸಿಕೊಂಡು ಹೋಗುತ್ತಾರೆ. ಎರಡೂ ಸರಿ.

ಮೂರನೆಯದರಲ್ಲಿ ಕೋಟೆ ಬಿಟ್ಟು ಇಳಿದು ಹೋಗುವವರ ಕಥೆ. ಇದಕ್ಕೆ ಜೆಲ್ಡಾದ್ದೇ ಇನ್ನೊಂದು ಉಪಾಯ ಎತ್ತಿಕೊಂಡೆ. 2011ರ ಸ್ಕೈವರ್ಡ್ ಸೋರ್ಡ್‌ನ ಮುಖ್ಯ ಮಟ್ಟು ರಾಜಕುಮಾರಿ ಜೆಲ್ಡಾಳ ಹಳೇ ಲಾಲಿಯನ್ನು ಹಿಂದುಮುಂದು ಮಾಡಿದ್ದು. ಸರಣಿಯಲ್ಲೇ ಎಲ್ಲಕ್ಕಿಂತ ಹಿಂದೆ ನಡೆಯುವ ಕಥೆಗೆ ಹಿಂದಕ್ಕೆ ಓಡುವ ಮಟ್ಟು! ನಮ್ಮದನ್ನು ತಿರುಗಿಸಿದರೆ ಪ ದ ಗ, ಪ ಗ ರಿ ಸ. ಇಳಿದು ಷಡ್ಜಕ್ಕೆ ಬಂದು ಕೂರುತ್ತದೆ. ಮೋಹನಕ್ಕೆ ಆರೋಹಣದಲ್ಲೂ ಅವರೋಹಣದಲ್ಲೂ ಅದೇ ಐದು ಸ್ವರ, ಹಾಗಾಗಿ ತಿರುಗಿಸಿದರೂ ರಾಗ ಕೆಡಲಿಲ್ಲ. ಬಿಲಹರಿ ರಾಗವಾಗಿದ್ದರೆ ಕಷ್ಟವಿತ್ತು. ಅದು ಹತ್ತುವುದು ಐದು ಸ್ವರದಲ್ಲಿ, ಇಳಿಯುವುದು ಏಳರಲ್ಲಿ. ತಿರುಗಿಸುವುದು ಸ್ವರಗಳ ಸಾಲನ್ನು ಮಾತ್ರ, ರೆಕಾರ್ಡಿಂಗನ್ನು ಅಲ್ಲ. ರೆಕಾರ್ಡಿಂಗ್ ತಿರುಗಿಸಿದರೆ ದೆವ್ವದ ಸೀನ್ ಆಗಿಬಿಡುತ್ತದೆ, ಅಲ್ವಾ?

ಈಗ ಜಗಳ ಇರುವುದು ಇದನ್ನು ಎಲ್ಲಿ ಹಾಕಬೇಕು ಅನ್ನುವುದರ ಮೇಲೆ. ಗೆಳೆಯನಿಗೆ ಟೈಟಲ್ ಪರದೆಯಲ್ಲೇ ಬೇಕು, ಟ್ರೇಲರ್‌ಗೂ ಆಗುತ್ತದೆ ಅನ್ನುತ್ತಾನೆ. ನನ್ನ ಪ್ರಕಾರ ಕೆಳಗಿನ ಕೊನೆಯ ಬಾಗಿಲು ದಾಟುವವರೆಗೆ ಅದು ಕೇಳಿಸಲೇಬಾರದು. ಸದ್ಯಕ್ಕೆ ಅವನ ಫೋನಲ್ಲಿ ಆಟದ ಒಂದು ಆವೃತ್ತಿ, ನನ್ನ ಫೋನಲ್ಲಿ ಇನ್ನೊಂದು.